ಕೆನಡಿ ಮನೆತನದ ಮೂಲ ಎಲ್ಲಿ?

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರ ಪೂರ್ವಿಕರು ಐರ್ಲೆಂಡಿನವರು ಅಂತಾರೆ. ಸ್ಕಾಟ್ಲೆಂಡಿನಲ್ಲೂ ಕೆನಡಿಗಳು ಇದ್ದಾರಲ್ವಾ? ಇಬ್ಬರೂ ಒಂದೇ ಬಳಗದವರಾ?
- ಓದುಗರು, ಶಿವಮೊಗ್ಗ

ಉತ್ತರ: ಅಲ್ಲ, ಬೇರೆ ಬೇರೆ. ಸ್ಕಾಟ್ಲೆಂಡಿನ ಕೆನಡಿಗಳು ಏರ್‌ಶೈರ್ ಕಡೆಯ ಜಮೀನ್ದಾರರು. ಐರ್ಲೆಂಡಿನವರ ಬೇರು ಇರುವುದು ಬ್ರಯನ್ ಬೊರು ಎಂಬ ರಾಜನ ವಂಶದಲ್ಲಿ. 1014ರ ಕ್ಲೊಂಟಾರ್ಫ್ ಯುದ್ಧದಲ್ಲಿ ಸತ್ತನಲ್ಲ, ಅವನೇ. ಅವನ ಅಣ್ಣನ ಮಗನ ಕಡೆಯವರು ಮೊದಲು ಕ್ಲೇರ್ ಸೀಮೆಯಲ್ಲಿದ್ದರು, ಆಮೇಲೆ ಅಕ್ಕಪಕ್ಕದ ಬಲಾಢ್ಯ ಮನೆತನಗಳ ಒತ್ತಡಕ್ಕೆ ಶಾನನ್ ನದಿ ದಾಟಿ ಟಿಪರೇರಿಯ ಉತ್ತರ ಭಾಗಕ್ಕೆ ಬಂದು ನೂರಾರು ವರ್ಷ ಅಲ್ಲಿ ಆಳಿದರು.

ಅಧ್ಯಕ್ಷರ ಮುತ್ತಜ್ಜ ಪ್ಯಾಟ್ರಿಕ್ ಕೆನಡಿ ಹುಟ್ಟುವ ಹೊತ್ತಿಗೆ ಆ ವೈಭವವೆಲ್ಲ ಮುಗಿದಿತ್ತು. ವೆಕ್ಸ್‌ಫರ್ಡ್ ಸೀಮೆಯ ಡಂಗನ್ಸ್‌ಟೌನ್‌ನಲ್ಲಿ ಗೇಣಿ ರೈತರ ಮನೆ ಅವರದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, ಬರಗಾಲ ಶುರುವಾಯಿತು, ಲಕ್ಷಗಟ್ಟಲೆ ಜನ ಹಡಗು ಹತ್ತಿದರು. ಪ್ಯಾಟ್ರಿಕ್ ಕೂಡ ಆ ದಶಕದ ಕೊನೆಗೆ ಬಾಸ್ಟನ್ ಸೇರಿ, ಮರದ ಪೀಪಾಯಿ ಮಾಡುವ ಕೆಲಸ ಹಿಡಿದರು. 1858ರಲ್ಲೇ ತೀರಿಕೊಂಡರು. ನನಗೆ ತುಂಬಾ ಗೌರವ ಇರುವುದು ಅವರ ಹೆಂಡತಿ ಬ್ರಿಜೆಟ್ ಮೇಲೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ಸಣ್ಣ ಅಂಗಡಿ ನಡೆಸಿ ಮನೆ ಎತ್ತಿ ನಿಲ್ಲಿಸಿದವರು ಆಕೆ. ಮಗ ಪ್ಯಾಟ್ರಿಕ್ ಜೋಸೆಫ್ ಮುಂದೆ ಮ್ಯಾಸಚೂಸೆಟ್ಸ್ ಶಾಸನಸಭೆಗೇ ಹೋದರು.

1963ರ ಜೂನ್‌ನಲ್ಲಿ ಅಧ್ಯಕ್ಷ ಕೆನಡಿ ಡಂಗನ್ಸ್‌ಟೌನ್‌ಗೆ ಹೋಗಿ ಅಲ್ಲಿನ ಬಂಧುಗಳ ಜೊತೆ ಅಂಗಳದಲ್ಲೇ ಟೀ ಕುಡಿದರು. ಆ ಮನೆ ಈಗಲೂ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು.