ಹೆಸರಿಗಷ್ಟೇ ಬೂದಿ

ಪತ್ರ: ಇಥಿಯೋಪಿಯಾದ ಜ್ವಾಲಾಮುಖಿಯ ಬೂದಿಯಿಂದ ಮಗಳ ವಿಮಾನ ರದ್ದಾಗಿ, ಅವಳು ಬೆಂಗಳೂರಿಗೆ ಎರಡು ದಿನ ತಡವಾಗಿ ಬಂದಳು. ನಾನು ಹಂಡೆ ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕಿ ಬೆಳೆದವಳು. ಊದಿದರೆ ಹಾರುವ ಬೂದಿಗೆ ವಿಮಾನದವರು ಹೆದರುವುದೇಕೆ? ಅದು ನಮ್ಮ ತಾರಸಿಗೆ ಬಿದ್ದಿದ್ದರೆ ಮಳೆನೀರಿನ ತೊಟ್ಟಿಯ ಗತಿಯೇನು?
– ಓದುಗರೊಬ್ಬರು, ಬಸವನಗುಡಿ

ಸಂಪಾದಕರ ಉತ್ತರ:

ಅಮ್ಮಾ, ತಪ್ಪು ನಿಮ್ಮದಲ್ಲ, ಹೆಸರಿನದು. ಒಲೆಯ ಬೂದಿ ಸೌದೆ ಸುಟ್ಟು ಉಳಿದದ್ದು. ಜ್ವಾಲಾಮುಖಿಯ ಬೂದಿ ಯಾವುದೂ ಸುಟ್ಟು ಆದದ್ದಲ್ಲ. ಶಿಲಾರಸದೊಳಗೆ ಅದುಮಿಕೊಂಡಿದ್ದ ಅನಿಲ, ಗೋಲಿ ಒತ್ತಿದ ಸೋಡಾದಂತೆ ಒಮ್ಮೆಲೇ ನುಗ್ಗಿ ಅದನ್ನು ಚೂರುಚೂರು ಮಾಡುತ್ತದೆ. 2 ಮಿಲಿಮೀಟರಿಗಿಂತ ಸಣ್ಣದಾದ ಆ ಕಲ್ಲು, ಗಾಜಿನ ಚೂರುಗಳಿಗೇ ಬೂದಿ ಎನ್ನುತ್ತಾರೆ. ಅಂಚು ಹರಿತ, ನೀರಿನಲ್ಲಿ ಕರಗದು.

ಜೆಟ್ ಎಂಜಿನ್ನಿನ ಶಾಖಕ್ಕೆ ಮಾತ್ರ ಕರಗುತ್ತದೆ. ತೊಂದರೆ ಇರುವುದೇ ಅಲ್ಲಿ. ಕರಗಿದ ಗಾಜು ಟರ್ಬೈನಿನ ಭಾಗಗಳಿಗೆ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಗಾಲುಂಗುಂಗ್ ಪರ್ವತದ ಬೂದಿಗೆ ಸಿಕ್ಕಿದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747ರ ನಾಲ್ಕೂ ಎಂಜಿನ್‌ಗಳು ನಿಂತುಹೋದವು. ವಿಮಾನ ಜಾರುತ್ತಾ ಕೆಳಗೆ ಬಂದಂತೆ ಎಂಜಿನ್‌ಗಳು ತಣಿದು, ಅಂಟಿದ್ದು ಉದುರಿ, ಮತ್ತೆ ಚಾಲೂ ಆದದ್ದರಿಂದ ಎಲ್ಲರೂ ಬದುಕಿದರು. ಆದರೆ ಜಕಾರ್ತಾದಲ್ಲಿ ಇಳಿಯುವಾಗ ಪೈಲಟ್ ಮುಂದಿನ ಗಾಜು ಉಪ್ಪುಕಾಗದ ಉಜ್ಜಿದಂತೆ ಮಬ್ಬಾಗಿತ್ತು. ಇಂಥ ಮೋಡ ವಿಮಾನದ ಹವಾಮಾನ ರೇಡಾರಿಗೆ ಕಾಣಿಸುವುದೂ ಇಲ್ಲ. ಎರಡು ದಿನ ತಡವಾದದ್ದಕ್ಕೆ ಮಗಳು ಬೈದಿದ್ದರೂ ನೀವು ಬೈಯಬೇಡಿ.

2025ರ ನವೆಂಬರ್ 23ರಂದು ಸಿಡಿದ ಇಥಿಯೋಪಿಯಾದ ಆ ಪರ್ವತದ ಹೆಸರು ಹೈಲಿ ಗುಬ್ಬಿ. (ನಮ್ಮ ತುಮಕೂರಿನ ಗುಬ್ಬಿಗೂ ಅದಕ್ಕೂ ನಂಟಿಲ್ಲ.) ಅದರ ಬೂದಿ ಬಹು ಎತ್ತರದಲ್ಲಿ ಗುಜರಾತ್, ದೆಹಲಿಗಳ ಕಡೆ ಸಾಗಿತು. ನಿಮ್ಮ ತಾರಸಿಯ ಮೇಲಿರುವ ಧೂಳು ಅಪ್ಪಟ ಬೆಂಗಳೂರಿನ ರಸ್ತೆ ಅಗೆತದ್ದು.

ಬಿದ್ದಿದ್ದರೆ, ತೊಟ್ಟಿಗಿಂತ ಮೊದಲು ಸೂರಿನ ಚಿಂತೆ ಮಾಡಬೇಕಾಗುತ್ತಿತ್ತು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದ ದಿನವೇ ಚಂಡಮಾರುತದ ಮಳೆಯೂ ಸುರಿಯಿತು. ನೆನೆದ ಬೂದಿಯ ಭಾರಕ್ಕೆ ಸೂರು ಕುಸಿದು ಸತ್ತವರೇ ಹೆಚ್ಚು. ತೊಟ್ಟಿಗೆ ಹೋಗುವ ಕೊಳವೆಯನ್ನು ಕೂಡಲೇ ಬಿಡಿಸಿಡಬೇಕು. ಕೆಲವು ಬೂದಿಗಳಿಗೆ ಫ್ಲೋರೈಡ್ ಅಂಟಿಕೊಂಡಿರುತ್ತದೆ. ಅದು ಹಲ್ಲು, ಮೂಳೆಗಳಿಗೆ ಏನು ಮಾಡುತ್ತದೆಂದು ಫ್ಲೋರೈಡ್ ನೀರು ಕುಡಿದ ಪಾವಗಡದವರನ್ನು ಕೇಳಿ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಸ್ಫೋಟದ ನಂತರ ಹುಲ್ಲು ಮೇಯ್ದ ಕುರಿ, ದನಗಳು ಅದರಿಂದಲೇ ಸಾಲುಸಾಲಾಗಿ ಸತ್ತವು. ಗುಡಿಸುವಾಗ ನೀರು ಚಿಮುಕಿಸಬೇಕು, ತುಂಬಾ ಬೇಡ. ಮೂಗಿಗೆ ಎನ್-95 ಮಾಸ್ಕ್ ಬೇಕು; ಸೆರಗು ಸಾಲದು, ಉಬ್ಬಸದವರಿಗಂತೂ ಖಂಡಿತ ಸಾಲದು.

ಪಾತ್ರೆಯ ವಿಷಯಕ್ಕೆ ಬಂದರೆ, ನೀವು ಅರ್ಧ ಗೆದ್ದಿದ್ದೀರಿ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಉಗುಳಿದ ಬೂದಿ ಆಂಧ್ರದ ನಂದ್ಯಾಲ ಜಿಲ್ಲೆಯ (ಮೊದಲು ಕರ್ನೂಲು ಜಿಲ್ಲೆ) ಜ್ವಾಲಾಪುರದಲ್ಲಿ ದಪ್ಪ ಪದರವಾಗಿ ಸಿಕ್ಕಿದೆ. ಅಲ್ಲಿ ಉತ್ಖನನ ನಡೆಸಿದವರಲ್ಲಿ ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರೂ ಒಬ್ಬರು. ಆದರೆ ಆ ಬೂದಿಯನ್ನು ಅಗೆಯುತ್ತಿದ್ದವರು ಅವರಷ್ಟೇ ಅಲ್ಲ. ತೊಳೆಯುವ ಪುಡಿಗೆ ಬೆರೆಸಲೆಂದು ಅದನ್ನು ಅಗೆದು ಮಾರುವವರೂ ಇದ್ದರು.