ರಿಪೋರ್ಟ್‌ನಲ್ಲಿ ‘ಎಚ್‌ಎಸ್‌ಐಎಲ್’ ಎಂದಿದೆ, ಕೊಯ್ಲು ಮುಗಿಯುವವರೆಗೆ ಕಾಯಬಹುದಾ?

ಓದುಗರ ಪ್ರಶ್ನೆಗೆ ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ನನಗೆ 41 ವರ್ಷ. ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಬಿಳಿ ಸೆರಗು ಜಾಸ್ತಿ ಇದೆ ಎಂದು ಮಡಿಕೇರಿಗೆ ತೋರಿಸಲು ಹೋಗಿದ್ದೆ. ಪ್ಯಾಪ್ ಟೆಸ್ಟ್ ಮಾಡಿದರು. ರಿಪೋರ್ಟ್‌ನಲ್ಲಿ ‘ಎಚ್‌ಎಸ್‌ಐಎಲ್’ ಎಂದು ಬಂದಿದೆ. ಮೈಸೂರಿಗೆ ಹೋಗಿ ಕಾಲ್ಪೊಸ್ಕೊಪಿ ಮಾಡಿಸಿ ಎಂದರು. ಈಗ ರೊಬಸ್ಟಾ ಕೊಯ್ಲು, ಆಳುಗಳೇ ಸಿಗುತ್ತಿಲ್ಲ. ಕೊಯ್ಲು ಮುಗಿದು, ಕಾಫಿ ಹೂ ಬಿಡಿಸುವ ಹೂಮಳೆ ಕಳೆದ ಮೇಲೆ ಹೋದರೆ ಆಗಲ್ವಾ? ನಮ್ಮ ಯಜಮಾನರಿಗೆ ಮಾತ್ರ ಹೇಳಿದ್ದೇನೆ. ಬೋರರ್ ಹುಳ ಬಂದ ಗಿಡ ಇಟ್ಟುಕೊಂಡು ಏನು ಮಾಡುವುದು, ಗರ್ಭಕೋಶವನ್ನೇ ತೆಗೆಸಿಬಿಡೋಣ ಎನ್ನುತ್ತಾರೆ. ಮಕ್ಕಳು ದೊಡ್ಡವರಾಗಿದ್ದಾರೆ. ಇದು ಕ್ಯಾನ್ಸರಾ ಡಾಕ್ಟ್ರೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನಿಮ್ಮ ರಿಪೋರ್ಟ್ ಕ್ಯಾನ್ಸರ್ ಎಂದು ಹೇಳುತ್ತಿಲ್ಲ. ಗರ್ಭಕೋಶದ ಬಾಯಿಯಿಂದ, ಅಂದರೆ ಗರ್ಭಕಂಠದಿಂದ, ಉಜ್ಜಿ ತೆಗೆದ ಜೀವಕೋಶಗಳಲ್ಲಿ ಕೆಲವು ತುಂಬಾ ಬದಲಾಗಿವೆ ಎಂದಷ್ಟೇ ಹೇಳುತ್ತಿದೆ. ಹೀಗೆ ಬದಲಾದ ಜೀವಕೋಶ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಎಷ್ಟೋ ಜನರಲ್ಲಿ ಆಗುವುದೇ ಇಲ್ಲ.

ಹಾಗಂತ ಸುಮ್ನೆ ಬಿಡುವ ರಿಪೋರ್ಟ್ ಇದಲ್ಲ. ಪ್ಯಾಪ್ ರಿಪೋರ್ಟ್‌ನಲ್ಲಿ ಬರುವ ಎಲ್ಲ ‘ಅಬ್‌ನಾರ್ಮಲ್’ ಒಂದೇ ತೂಕದವಲ್ಲ. ‘ಎಎಸ್‌ಸಿ-ಯುಎಸ್’ ಎಂದಿದ್ದರೆ ಲ್ಯಾಬಿನವರಿಗೇ ಸರಿಯಾಗಿ ತಿಳಿದಿಲ್ಲ ಎಂದರ್ಥ. ಆಗ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಟೆಸ್ಟ್ ಮಾಡಿಸಬೇಕು, ಇಲ್ಲವೇ ವರ್ಷ ಬಿಟ್ಟು ಪ್ಯಾಪ್ ಮತ್ತೆ ಮಾಡಿಸಬೇಕು. ‘ಎಲ್‌ಎಸ್‌ಐಎಲ್’ ಎಂದರೆ ಸಣ್ಣ ಬದಲಾವಣೆ. ಬಹಳಷ್ಟು ಸಲ ದೇಹವೇ ಅದನ್ನು ಸರಿಮಾಡಿಕೊಳ್ಳುತ್ತದೆ. ನಿಮ್ಮ ‘ಎಚ್‌ಎಸ್‌ಐಎಲ್’ ದೊಡ್ಡ ಬದಲಾವಣೆ. ಇದನ್ನು ಹತ್ತಿರದಿಂದ ಪರೀಕ್ಷೆ ಮಾಡಲೇಬೇಕು. ಬಯಾಪ್ಸಿ, ಅಂದರೆ ಸಣ್ಣ ಚೂರು ತೆಗೆದು ಪರೀಕ್ಷೆ, ಮಾಡಿದಾಗ ಇಂಥವರಲ್ಲಿ ಹೆಚ್ಚಿನವರಿಗೆ ‘ಸಿಐಎನ್ 2’ ಅಥವಾ ‘ಸಿಐಎನ್ 3’ ಇರುತ್ತದೆ. ಅದು ಕ್ಯಾನ್ಸರಿಗಿಂತ ಹಿಂದಿನ ಹಂತ. ಆಗಲೇ ಕ್ಯಾನ್ಸರ್ ಶುರುವಾಗಿರುವುದು ಕೆಲವೇ ಕೆಲವರಲ್ಲಿ. ನೀವು ಯಾವ ಗುಂಪು ಎಂದು ಪ್ಯಾಪ್ ಹೇಳಲಾರದು. ಕಾಲ್ಪೊಸ್ಕೊಪಿ ಬೇಕಾಗುವುದು ಅದಕ್ಕೇ.

ಚಿಕಿತ್ಸೆ ಮಾಡದೆ ಬಿಟ್ಟರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಕೆಟ್ಟ ಕಥೆಯಿಂದ. ನ್ಯೂಜಿಲೆಂಡ್‌ನ ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ 1960 ಮತ್ತು 70ರ ದಶಕದಲ್ಲಿ, ಸಿಐಎನ್ 3 ಇದ್ದ ಕೆಲವು ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಬರೀ ನೋಡುತ್ತಾ ಕೂತರು. 30 ವರ್ಷಗಳಲ್ಲಿ ಅವರಲ್ಲಿ ಹತ್ತರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಬಂತು. ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಒಬ್ಬರಿಗೂ ಬರಲಿಲ್ಲ.

ಈಗ ಕೊಯ್ಲಿನ ವಿಷಯ. ನಾಳೆಯೇ ಬಸ್ಸು ಹತ್ತಬೇಕಾಗಿಲ್ಲ. ಎರಡು ಮೂರು ವಾರದೊಳಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಹೂಮಳೆಯವರೆಗೆ ಬೇಡ. ಕೊಯ್ಲು ಮುಗಿದರೆ ಕಾಫಿ ಒಣಗಿಸುವುದು ಇರುತ್ತದೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್, ಆಮೇಲೆ ಗೊಬ್ಬರ, ಆಮೇಲೆ ಮಕ್ಕಳ ಶಾಲೆ. ಕೊಡಗಿನ ತೋಟದಲ್ಲಿ ಕೆಲಸವಿಲ್ಲದ ತಿಂಗಳು ಯಾವುದು ಹೇಳಿ? ರಿಪೋರ್ಟ್ ನೋಡಿ ಹೆದರಿ ಓಡಿ ಬಂದವರ ಬಗ್ಗೆ ನನಗೆ ಚಿಂತೆಯಿಲ್ಲ. ಅದನ್ನು ಬೀರುವಿನಲ್ಲಿ ಸೀರೆಯ ಕೆಳಗಿಟ್ಟವರದೇ ಚಿಂತೆ. ಇದರ ನಡುವೆ ಗಂಡಹೆಂಡಿರು ಕೂಡಿದ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ಬಿಳಿ ಸೆರಗು ಕೆಟ್ಟ ವಾಸನೆ ಬಂದರೆ ಎರಡು ವಾರವನ್ನೂ ಕಾಯಬೇಡಿ.

ಕಾಲ್ಪೊಸ್ಕೊಪಿ ಆಪರೇಷನ್ ಅಲ್ಲ. ಪ್ಯಾಪ್ ಮಾಡುವಾಗ ಮಲಗಿದ ಹಾಗೆಯೇ ಮಲಗಬೇಕು. ಒಂದು ದುರ್ಬೀನಿನಂಥ ಯಂತ್ರ ಹೊರಗೇ ನಿಂತಿರುತ್ತದೆ, ಒಳಗೆ ಹೋಗುವುದಿಲ್ಲ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಸಿಡ್ ಹಚ್ಚುತ್ತಾರೆ. ಅಡುಗೆಮನೆಯ ವಿನಿಗರ್ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಬದಲಾದ ಜಾಗ ಬೆಳ್ಳಗಾಗುತ್ತದೆ. ಅಯೋಡಿನ್ ಹಚ್ಚಿದರೆ ಸರಿಯಿರುವ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಟ್ಟಿರುವುದು ಹಳದಿಯಾಗಿ ಉಳಿಯುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಚಿವುಟಿದ ಹಾಗೆ ಅನ್ನಿಸಬಹುದು. ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ. ಒಂದೆರಡು ದಿನ ಸ್ವಲ್ಪ ರಕ್ತ, ಕಂದು ಸ್ರಾವ ಹೋಗುತ್ತದೆ, ಪ್ಯಾಡ್ ಇಟ್ಟುಕೊಂಡು ಹೋಗಿ. ಮುಟ್ಟಿನ ದಿನಗಳನ್ನು ಬಿಟ್ಟು ದಿನ ಕೇಳಿ. ಹಿಂದಿನ ಎರಡು ದಿನ ಒಳಗೆ ಔಷಧಿ ಇಡುವುದು, ಕೂಡುವುದು ಬೇಡ.

ಇನ್ನು ನಿಮ್ಮ ಯಜಮಾನರ ಮಾತು. ಅರೇಬಿಕಾ ಬೆಳೆಯುವವರ ಕಷ್ಟ ನನಗೂ ಗೊತ್ತು. ಬೋರರ್ ಕಾಂಡದೊಳಗೆ ಸುರಂಗ ಕೊರೆದಿರುತ್ತದೆ, ಗಿಡವನ್ನು ಬುಡಸಮೇತ ಕಿತ್ತು ಸುಡದೆ ಗತಿಯಿಲ್ಲ. ಆದರೆ ಸಿಐಎನ್ ಒಳಗೆ ಕೊರೆಯುವ ಹುಳವಲ್ಲ. ಅದು ಮೇಲಿನ ತೆಳು ಪದರದಲ್ಲೇ ಇರುತ್ತದೆ. ಇದಕ್ಕೆ ಕಪಾತು (ರೆಂಬೆ ಸವರುವುದು) ಸಾಕು, ಗಿಡ ಕೀಳಬೇಕಾಗಿಲ್ಲ. ಆ ಭಾಗವನ್ನಷ್ಟೇ ಕರೆಂಟ್ ಹಾಯಿಸಿದ ಸಣ್ಣ ತಂತಿಯ ಬಳೆಯಿಂದ ಕೆತ್ತಿ ತೆಗೆಯುತ್ತಾರೆ. ಇದಕ್ಕೆ ‘ಲೀಪ್’ ಎನ್ನುತ್ತಾರೆ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಸಾಕು. ಅದೇ ದಿನ ಮನೆಗೆ ಬರಬಹುದು. ಮೂರು ನಾಲ್ಕು ವಾರ ಸ್ರಾವ ಇರುತ್ತದೆ, ಅಷ್ಟು ದಿನ ಕೂಡುವಂತಿಲ್ಲ, ಕಾಫಿ ಚೀಲ ಹೊರುವಂತಿಲ್ಲ.

ಬಯಾಪ್ಸಿಯೂ ಇಲ್ಲದೆ ಬರೀ ಪ್ಯಾಪ್ ರಿಪೋರ್ಟ್ ನೋಡಿ ‘ಗರ್ಭಕೋಶ ತೆಗೆಯೋಣ’ ಎಂದು ಯಾರಾದರೂ ಹೇಳಿದರೆ, ಅವರು ಡಾಕ್ಟರೇ ಆಗಿರಲಿ, ಇನ್ನೊಬ್ಬರನ್ನು ಕೇಳಿ. ಇದನ್ನು ನಾನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಒಳಗೆ ಕ್ಯಾನ್ಸರ್ ಅಡಗಿದ್ದು, ಗೊತ್ತಿಲ್ಲದೆ ಮಾಮೂಲಿ ಗರ್ಭಕೋಶದ ಆಪರೇಷನ್ ಮಾಡಿದರೆ ಚಿಕಿತ್ಸೆ ಅರ್ಧಂಬರ್ಧವಾಗುತ್ತದೆ, ಮುಂದಿನದು ಇನ್ನೂ ಕಷ್ಟ. ಕ್ಯಾನ್ಸರ್ ಇಲ್ಲದಿದ್ದರೆ ಅಷ್ಟು ದೊಡ್ಡ ಆಪರೇಷನ್ ಬೇಕೇ ಇರಲಿಲ್ಲ. ತೆಗೆಸಿದರೂ ಎಚ್‌ಪಿವಿ ವೈರಸ್ ಯೋನಿಯಲ್ಲಿ ಉಳಿಯಬಹುದು, ಪರೀಕ್ಷೆ ತಪ್ಪುವುದಿಲ್ಲ. ಲೀಪ್ ಆದ ಮೇಲೂ ಅಷ್ಟೇ. ಆರು ತಿಂಗಳಿಗೆ ಎಚ್‌ಪಿವಿ ಟೆಸ್ಟ್, ಆಮೇಲೆ ವರ್ಷಕ್ಕೊಮ್ಮೆ, ಮುಂದೆ ಅಂತರ ಹೆಚ್ಚಿಸಿ ಹಲವು ವರ್ಷ. ದಿನಾಂಕವನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ಪ್ರಶ್ನೆ: ನನಗೆ 33. ಊರು ನಾಪೋಕ್ಲು. ಪ್ಯಾಪ್ ನಾರ್ಮಲ್, ಆದರೆ ಎಚ್‌ಪಿವಿ ಪಾಸಿಟಿವ್. ಮದುವೆಯಾಗಿ ಒಂಬತ್ತು ವರ್ಷ. ನೆಟ್‌ನಲ್ಲಿ ನೋಡಿದರೆ ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದಿದೆ. ಮನೆಯಲ್ಲಿ ಮಾತು ನಿಂತಿದೆ. ಯಾರನ್ನು ನಂಬಲಿ?

ಉತ್ತರ: ಈ ರಿಪೋರ್ಟ್ ಇಟ್ಟುಕೊಂಡು ಯಾರ ಮೇಲೂ ತಪ್ಪು ಹೊರಿಸಲು ಆಗುವುದಿಲ್ಲ. ನಿಮ್ಮ ಮೇಲೂ, ಅವರ ಮೇಲೂ. ಎಚ್‌ಪಿವಿ ಎಷ್ಟು ಸಾಮಾನ್ಯ ಎಂದರೆ, ಸಂಸಾರ ಮಾಡಿದ ಹೆಚ್ಚಿನ ಗಂಡಸರು ಹೆಂಗಸರಿಗೆಲ್ಲ ಜೀವನದಲ್ಲಿ ಒಮ್ಮೆ ಬಂದೇ ಇರುತ್ತದೆ. ಗೊತ್ತೂ ಆಗದೆ ಹೋಗಿರುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಮಲಗಿದ್ದು ಈಗ ಟೆಸ್ಟ್‌ನಲ್ಲಿ ಸಿಗುತ್ತದೆ. ಮದುವೆಗೆ ಮುಂಚೆ ಬಂತೋ, ಆಮೇಲೆ ಬಂತೋ, ಯಾರಿಂದ ಯಾರಿಗೋ, ಯಾವ ಲ್ಯಾಬೂ ಹೇಳಲಾರದು. ಗಂಡಸರಿಗೆ ಇದಕ್ಕೆ ಮಾಮೂಲಿ ಟೆಸ್ಟೂ ಇಲ್ಲ. ಈ ಪುಟವನ್ನು ಅವರ ಕೈಗೂ ಕೊಡಿ.

ರಿಪೋರ್ಟ್‌ನಲ್ಲಿ 16 ಅಥವಾ 18 ಎಂಬ ಸಂಖ್ಯೆ ಇದೆಯಾ ನೋಡಿ. ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಈ ಎರಡು ತಳಿಗಳಿಂದಲೇ ಬರುತ್ತವೆ. ಇದ್ದರೆ ಪ್ಯಾಪ್ ನಾರ್ಮಲ್ ಆಗಿದ್ದರೂ ಕಾಲ್ಪೊಸ್ಕೊಪಿ ಮಾಡಿಸಿ. ಬೇರೆ ತಳಿಯಾದರೆ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್. ವೈರಸ್ಸಿಗೆ ಮಾತ್ರೆಯಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಇದ್ದರೆ ಬಿಡಿ, ತಂಬಾಕಿನಿಂದ ವೈರಸ್ಸಿಗೇ ಅನುಕೂಲ. ಲಸಿಕೆ ಈಗಾಗಲೇ ಬಂದಿರುವ ವೈರಸ್ಸನ್ನು ತೆಗೆಯುವುದಿಲ್ಲ. ಮಗಳಿದ್ದರೆ ಅವಳಿಗೆ 9ರಿಂದ 14 ವರ್ಷದೊಳಗೆ ಹಾಕಿಸಿ.

ಪ್ರಶ್ನೆ: ಶನಿವಾರಸಂತೆಯಿಂದ. ಅಮ್ಮನಿಗೆ 52. ಪ್ಯಾಪ್‌ನಲ್ಲಿ ‘ಇನ್‌ಫ್ಲಮೇಟರಿ’ ಎಂದು ಬಂದಿದೆ. ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ.

ಉತ್ತರ: ಅಳು ನಿಲ್ಲಿಸಿ. ಅದು ಉರಿಯೂತ, ಕ್ಯಾನ್ಸರ್ ಅಲ್ಲ. ತುರಿಕೆ, ವಾಸನೆ ಇದ್ದರೆ ಅದಕ್ಕೆ ಔಷಧಿ ತೆಗೆದುಕೊಳ್ಳಲಿ. ಮುಟ್ಟು ನಿಂತವರಲ್ಲಿ ಒಳಗೆ ಒಣಗಿಯೂ ಹೀಗೆ ಬರುವುದುಂಟು. ಆದರೆ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡಿದ್ದರೂ ಪ್ಯಾಪ್ ರಿಪೋರ್ಟ್ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾನು ಸಿದ್ದಾಪುರದ ಕಡೆ ಆಶಾ ಕಾರ್ಯಕರ್ತೆ. ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಒಬ್ಬ ಅಕ್ಕನಿಗೆ ಕ್ಯಾಂಪಿನಲ್ಲಿ ‘ವಿಐಎ ಪಾಸಿಟಿವ್’ ಬಂತು. ನೋವಿಲ್ಲ, ಸಂಬಳ ಹೋಗುತ್ತದೆ, ನಾನು ಬರಲ್ಲ ಎನ್ನುತ್ತಾರೆ. ಹೇಗೆ ಹೇಳಲಿ?

ಉತ್ತರ: ಕ್ಯಾನ್ಸರ್ ಎಂಬ ಮಾತಿನಿಂದ ಶುರು ಮಾಡಬೇಡಿ. ವಿನಿಗರಿನಂಥದ್ದು ಹಚ್ಚಿ ಒಂದು ನಿಮಿಷ ಕಾದು ನೋಡಿದಾಗ ಬಿಳಿ ಮಚ್ಚೆ ಕಂಡಿದೆ, ಅಷ್ಟೇ. ಸೋಂಕಿಗೂ ಹಾಗೆ ಕಾಣುತ್ತದೆ. ಬಹಳ ಜನರಲ್ಲಿ ಮುಂದೆ ಏನೂ ಸಿಗುವುದಿಲ್ಲ. ಸಿಕ್ಕರೂ ಈ ಹಂತದಲ್ಲಿ ನೋವಿರುವುದಿಲ್ಲ. ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ ಎಂದು ಹೇಳಿ. ಸಣ್ಣ ಮಚ್ಚೆಯಾದರೆ ಬಿಸಿ ಅಥವಾ ತಣ್ಣನೆಯ ಸಲಕರಣೆ ಮುಟ್ಟಿಸಿ ಕೆಲವೇ ನಿಮಿಷದಲ್ಲಿ ಅದನ್ನು ಸುಟ್ಟು ಇಲ್ಲವೇ ಹೆಪ್ಪುಗಟ್ಟಿಸಿ ನಾಶಮಾಡುತ್ತಾರೆ.

ಸಂಬಳದ ಮಾತು ಸುಳ್ಳಲ್ಲ. ತೋಟದ ರೈಟರ್ (ಲೆಕ್ಕ, ಹಾಜರಿ ನೋಡುವವರು) ಹತ್ತಿರ ನೀವೇ ಹೋಗಿ ಒಂದು ದಿನದ ರಜೆ ಕೇಳಿ. ಏನು ಕಾಯಿಲೆ ಎಂದು ಅವರಿಗೆ ಹೇಳುವ ಅಗತ್ಯವಿಲ್ಲ, ‘ಆಸ್ಪತ್ರೆ ಕೆಲಸ’ ಎಂದರೆ ಸಾಕು. ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ, ಬೇಕಾದರೆ ಅವರೇ ಮುಂದಕ್ಕೆ ಬರೆದುಕೊಡುತ್ತಾರೆ. ಕ್ಯಾಂಪಿನ ಚೀಟಿ, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಅದೂ ಕೈಯಲ್ಲಿರಲಿ. ಆಗುವುದಾದರೆ ನೀವೂ ಜೊತೆಗೆ ಬಸ್ಸು ಹತ್ತಿ. ಕೊಯ್ಲು ಮುಗಿದು ಅವರು ಊರಿಗೆ ಹೊರಡುವವರಾದರೆ ಅದಕ್ಕೂ ಮುಂಚೆಯೇ ಕರೆದುಕೊಂಡು ಹೋಗಿ. ಊರಿನ ಫೋನ್ ನಂಬರ್ ಒಂದನ್ನು ಬರೆದಿಟ್ಟುಕೊಳ್ಳಿ. ಬಯಾಪ್ಸಿ ರಿಪೋರ್ಟ್ ಬರುವಷ್ಟರಲ್ಲಿ ಲೈನ್ ಮನೆ ಖಾಲಿಯಾಗಿರಬಹುದು.