ಸೆಸ್ ಕಟ್ಟಿದರೂ ಶಾಲೆ ಸೋರುವುದೇಕೆ?

ಪ್ರಶ್ನೆ: ಸಂಬಳದಲ್ಲಿ ಶಿಕ್ಷಣ ಸೆಸ್ ಮುರಿದುಕೊಳ್ಳುತ್ತಾರೆ. ಆದರೂ ನಮ್ಮೂರ ಸರ್ಕಾರಿ ಶಾಲೆ ಸೋರುತ್ತಿದೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಮೇಷ್ಟ್ರೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ದೆಹಲಿಗೆ. ಸೆಸ್ ಅಂದರೆ ತೆರಿಗೆಯ ಮೇಲೆ ಹಾಕುವ ತೆರಿಗೆ. 2004ರಲ್ಲಿ ಅದು ಶೇ 2 ಇತ್ತು. 2018ರಿಂದ ಆರೋಗ್ಯವನ್ನೂ ಸೇರಿಸಿ ಶೇ 4. ಬೇರೆ ತೆರಿಗೆಗಳಂತೆ ಸೆಸ್‌ನಲ್ಲಿ ರಾಜ್ಯಕ್ಕೆ ಪಾಲಿಲ್ಲ. ‘ಸಮಗ್ರ ಶಿಕ್ಷಣ’ದಂಥ ಕೇಂದ್ರದ ಯೋಜನೆಗಳ ಮೂಲಕ ಬರಬೇಕು. ಅದಕ್ಕೂ ನೂರಕ್ಕೆ 40 ರೂಪಾಯಿ ರಾಜ್ಯವೇ ಹಾಕಬೇಕು. ಮೇಷ್ಟ್ರುಗಳ ಸಂಬಳದ ಭಾರವೂ ಜಾಸ್ತಿ ರಾಜ್ಯದ್ದೇ, ಅಲ್ವಾ? ಹೆಂಚಿನ ಸರದಿ ಕೊನೆಗೆ ಬರುತ್ತದೆ.

ನಾನು ಹೆಡ್‌ಮೇಷ್ಟ್ರಾಗಿದ್ದಾಗ ಮಳೆ ಬಂದರೆ ನಾಲ್ಕನೇ ಕ್ಲಾಸಿನ ಮಕ್ಕಳು ಬಿಸಿಯೂಟದ ತಟ್ಟೆಗಳನ್ನೇ ಸೋರುವ ಕಡೆ ಇಡುತ್ತಿದ್ದರು. ಕರುಳು ಚುರುಕ್ ಎನ್ನುತ್ತಿತ್ತು. ಸುಮ್ನೆ ಕೂರಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ ಲೆಕ್ಕ ಕೇಳಿ. ಪೋಷಕರು ಕೇಳಿದ ಮೇಲೆಯೇ ನಮ್ಮ ಫೈಲು ಕದಲಿದ್ದು.